ಕಿವಿಗೊಂದು ಕವಚ



ಸಂಪಾದಕರು ಫೋನು ಮಾಡಿ, "ಈ ಸಲ ಹೋಳಿಗೆ, ಹಪ್ಪಳ ಬಿಟ್ಟು ಬೇರೆ ಏನಾದರೂ ಬರೆದುಕೊಡಿ" ಎಂದಾಗ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಆಮೇಲೆ ಕುಳಿತು ಯೋಚಿಸಿದೆ. ಕಳೆದೊಂದು ವರ್ಷದಿಂದ ನಮ್ಮ ಮನೆಯಲ್ಲಿ ಅಡುಗೆಗಿಂತ ಹೆಚ್ಚು ಚರ್ಚೆಯಾದ ವಸ್ತು ಒಂದಿದೆ. ಅದು ಬ್ಯಾಟರಿ ಹಾಕುವ ಕಿವಿಗವಚ! ಬಂದೂಕಿನ ಆಟಕ್ಕೆಂದು ನಮ್ಮ ಮಗ ಕೊಂಡದ್ದು. ಐವತ್ತು ದಾಟಿದ ಗೃಹಿಣಿಗೆ ಬಂದೂಕಿನ ಆಟದ ಉಸಾಬರಿ ಯಾಕೆ ಎನ್ನಬೇಡಿ. ಕೊನೆಯವರೆಗೂ ಓದಿ, ಈ ಮಾತು ನಿಮ್ಮ ಮನೆಯ ಬಾಗಿಲಿಗೂ ಬರುತ್ತದೆ.

ನಾವು ಮೂಲತಃ ಗದುಗಿನ ಕಡೆಯವರು. ನಮ್ಮವರಿಗೆ ಹತ್ತಿಯ ಜಿನ್ನಿಂಗ್ ಗಿರಣಿಯಲ್ಲಿ ಕೆಲಸ. ಆ ಹತ್ತಿಯ ಎಳೆಯೇ ನಮ್ಮನ್ನು ಸಿಲ್ಲೋಡಿಗೆ ಎಳೆದು ತಂದಿತು. ಛತ್ರಪತಿ ಸಂಭಾಜಿನಗರದಿಂದ ಅಜಂತಾ ಗುಹೆಗಳಿಗೆ ಹೋಗುವಾಗ ನಡುವೆ ಬರುವ ಊರು ಇದು. ಹತ್ತಿ, ಮೆಕ್ಕೆಜೋಳ, ಮೆಣಸಿನಕಾಯಿ ಬೆಳೆಯುವ ಸೀಮೆ. ಇಲ್ಲಿಗೆ ಬಂದು ಇಪ್ಪತ್ತೇಳು ವರ್ಷಗಳಾದವು. ಒಬ್ಬನೇ ಮಗ, ಓದು ಮುಗಿಸಿ ಈಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ.

ಅವನಿಗೆ ಅಲ್ಲಿ ಅಂಟಿಕೊಂಡ ಹವ್ಯಾಸವೇ ಏರ್‌ಸಾಫ್ಟ್. ನಿಜವಾದ ಬಂದೂಕಿನಂತೆಯೇ ಕಾಣುವ ಆಟಿಕೆಯ ಬಂದೂಕಿನಿಂದ ಆರು ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡುಗಳನ್ನು ಹಾರಿಸುತ್ತ, ಎರಡು ತಂಡಗಳಾಗಿ ಕಾಡಿನಲ್ಲೋ ಹಳೆಯ ಕಟ್ಟಡದಲ್ಲೋ ಆಡುವ ಯುದ್ಧದಾಟ. ಹುಟ್ಟಿದ್ದು ಜಪಾನಿನಲ್ಲಿ. ಇದರಲ್ಲಿ ನನಗೆ ಹಿಡಿಸಿದ ಸಂಗತಿ ಒಂದೇ. ಗುಂಡು ತಗುಲಿದವನು ತಾನಾಗಿಯೇ ಕೈಯೆತ್ತಿ "ಹಿಟ್" ಎಂದು ಕೂಗಿ ಹೊರಗೆ ನಡೆಯಬೇಕು. ಪ್ರಾಮಾಣಿಕತೆಯ ಮೇಲೆ ನಿಂತ ಆಟ! ಆದರೆ ಆ ಕೂಗು ಎದುರಾಳಿಯ ಕಿವಿಗೆ ಬೀಳಬೇಕಲ್ಲ? ಬೀಳದಿದ್ದರೆ ಅವನು ಹೊಡೆಯುತ್ತಲೇ ಇರುತ್ತಾನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಭಾನುವಾರ ಆಡಿ ಬಂದ ಮೇಲೆ ಮಗ ವಿಡಿಯೊದಲ್ಲಿ ಮಾತಿಗೆ ಕುಳಿತ. "ಅವ್ವಾ, ಕಿವ್ಯಾಗ ನಿನ್ನಿಯಿಂದ ಗುಂಯ್ ಅಂತದ. ಕಿವಿಗೆ ಹಾಕ್ಕೊಳ್ಳೋದು ಒಂದು ತಗೋಬೇಕಂತ ಮಾಡೇನಿ. ಸೈನಿಕರು ಹಾಕ್ಕೋತಾರಲ್ಲ, ನೋಡಲಿಕ್ಕೆ ಹಂಗ ಅದ, ರೊಕ್ಕ ಮಾತ್ರ ಕಾಲು ಭಾಗ" ಎಂದ. "ತಗೋಪಾ, ಛಲೋ ಆತು" ಎನ್ನುವವಳಿದ್ದೆ. ಪಕ್ಕದಲ್ಲಿದ್ದ ನಮ್ಮವರು, "ಏನಂದ? ಏನು ಕಾಲು? ಕಾಲಿಗೆ ಏನಾತು?" ಎಂದು ಗಾಬರಿಯಿಂದ ಮೂರು ಸಲ ಕೇಳಿದರು. ಮಗ ನಕ್ಕ. ನಾನೂ ನಕ್ಕೆ. ಫೋನು ಇಟ್ಟ ಮೇಲೆ ಮಾತ್ರ ನಗು ಬರಲಿಲ್ಲ.

ಅಕ್ಕಿಯೂ ಸಕ್ಕರೆಯೂ

ಏಳೆಂಟು ವರ್ಷಗಳಿಂದ ಹೀಗೆಯೇ ನಡೆದಿತ್ತು. "ಸಕ್ಕರಿ ತರ್ರಿ" ಎಂದರೆ ಅಕ್ಕಿ ತರುತ್ತಿದ್ದರು. ಟಿ.ವಿ.ಯ ದನಿ ಬೀದಿಗೆ ಕೇಳುವಷ್ಟು. ಮದುವೆ ಮನೆಗಳಲ್ಲಿ ಮೂಲೆ ಹಿಡಿದು ಕೂರುವರು. ನೆಂಟರು "ಯಾಕೋ ದೊಡ್ಡಸ್ತಿಕೆ ಬಂದದ" ಎಂದು ಆಡಿಕೊಂಡದ್ದೂ ಉಂಟು. ನಾನೋ, "ಹೆಂಡತಿ ಮಾತು ಮಾತ್ರ ಕೇಳೂದಿಲ್ಲ ನಿಮಗ" ಎಂದು ಹಂಗಿಸುತ್ತಿದ್ದೆ. ಕಣ್ಣು ಕಾಣದವರನ್ನು ಕಂಡರೆ ಕೈಹಿಡಿದು ರಸ್ತೆ ದಾಟಿಸುತ್ತೇವೆ. ಕಿವಿ ಕೇಳದವರನ್ನು ಕಂಡರೆ ನಗುತ್ತೇವೆ, ಇಲ್ಲವೇ ಗದರುತ್ತೇವೆ. ಇದು ಎಂಥ ನ್ಯಾಯ!

ಜಿನ್ನಿಂಗ್ ಗಿರಣಿಯೊಳಗೆ ಹೋದವರಿಗೆ ಆ ಸದ್ದು ಗೊತ್ತು. ಸಾಲಾಗಿ ನಿಂತ ಯಂತ್ರಗಳಲ್ಲಿ ಚರ್ಮದ ರೋಲರುಗಳು ತಿರುಗುತ್ತವೆ, ಲೋಹದ ಪಟ್ಟಿಗಳು ಬಡಿದು ಕಾಳನ್ನೂ ಅರಳೆಯನ್ನೂ ಬೇರೆ ಮಾಡುತ್ತವೆ. ನಮ್ಮ ನೆರೆಯ ಜಳಗಾವ್ ಜಿಲ್ಲೆಯ ಗಿರಣಿಗಳಲ್ಲಿ ಅಳೆದು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಅಲ್ಲಿನ ಸದ್ದು 89ರಿಂದ 106 ಡೆಸಿಬೆಲ್ ಎಂದು ಹೇಳಿತು. ನಮ್ಮ ದೇಶದ ಕಾರ್ಖಾನೆ ನಿಯಮಗಳಲ್ಲಿ ದಿನಕ್ಕೆ ಎಂಟು ತಾಸಿಗೆ ಹಾಕಿರುವ ಮಿತಿ 90.

"ಕಿವಿಗೆ ಏನೂ ಹಾಕ್ಕೋತಿದ್ದಿಲ್ಲೇನು?" ಎಂದು ಅಂದು ರಾತ್ರಿ ಮೊದಲ ಸಲ ಕೇಳಿದೆ. ಅವರು ಹೇಳಿದ್ದು ಹೀಗೆ. ಮೊದಮೊದಲು ಅಲ್ಲಿಯದೇ ಅರಳೆಯನ್ನು ಉಂಡೆ ಮಾಡಿ ಕಿವಿಗೆ ತುರುಕಿಕೊಳ್ಳುತ್ತಿದ್ದರಂತೆ. ಒಮ್ಮೆ ಹತ್ತಿಯೊಳಗೆ ಕಲ್ಲೋ ಕಬ್ಬಿಣದ ಚೂರೋ ಸಿಕ್ಕಿ ಕಿಡಿ ಹಾರಿತು. ಹತ್ತಿಯ ಗಿರಣಿಯಲ್ಲಿ ಕಿಡಿಯೆಂದರೆ ಯಮ. ಹುಡುಗನೊಬ್ಬ "ಆಗ್! ಆಗ್!" ಎಂದು ಮರಾಠಿಯಲ್ಲಿ ಬೆಂಕಿಯ ಕೂಗು ಹಾಕುತ್ತ ಓಡಿಬಂದದ್ದು ಇವರಿಗೆ ತಡವಾಗಿ ಕೇಳಿತು. ಯಾರಿಗೂ ಪೆಟ್ಟಾಗಲಿಲ್ಲ, ನಾಲ್ಕು ಗಂಟು ಹತ್ತಿ ಹೋಯಿತು. ಅಂದೇ ಇವರು ಅರಳೆ ಕಿತ್ತೆಸೆದರು. ಮುಂದೆ ಇಪ್ಪತ್ತು ವರ್ಷ ಬರಿಗಿವಿಯಲ್ಲೇ ದುಡಿದರು.

ಮಗನಿಗೆ "ಹಿಟ್" ಕೇಳಬೇಕು, ಅಪ್ಪನಿಗೆ "ಆಗ್" ಕೇಳಬೇಕಿತ್ತು. ಕಿವಿ ಮುಚ್ಚಿದರೆ ಕೂಗು ಕೇಳದು, ತೆರೆದಿಟ್ಟರೆ ಕಿವಿ ಉಳಿಯದು. ಈ ಇಕ್ಕಟ್ಟಿನಲ್ಲಿ ಸಿಕ್ಕವರೆಲ್ಲ ಕಡೆಗೆ ಕವಚ ತೆಗೆದಿಡುತ್ತಾರೆ. ಮರುದಿನ ಬೆಳಿಗ್ಗೆ ಮಗನಿಗೆ ಫೋನು ಮಾಡಿ, "ತಡಿಯಪಾ, ನೋಡಿ ತಗೊಳ್ಳೋಣು" ಎಂದೆ. ಇಂಗ್ಲಿಷ್ ಬಿ.ಎ. ಮಾಡಿ ಇಷ್ಟು ವರ್ಷ ಒಗ್ಗರಣೆ ಹಾಕಿದ್ದಾಯಿತು. ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರ ಓದುವ ಕೆಲಸವನ್ನಾದರೂ ಮಾಡೋಣ ಎಂದು ಕುಳಿತೆ.

ಕಿವಿ ಕೆಡುವುದು ಹೇಗೆ?

ಕವಚ ಕೊಳ್ಳುವ ಮೊದಲು ಡೆಸಿಬೆಲ್ ಎಂಬ ಅಳತೆ ತಿಳಿದಿರಬೇಕು. ಇದು ಸೇರು, ಪಾವಿನಂಥ ಸರಳ ಲೆಕ್ಕವಲ್ಲ. ಮೂರು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿ, ಹತ್ತು ಏರಿದರೆ ಹತ್ತು ಪಟ್ಟು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯವರ ಸಲಹೆಯಂತೆ 85 ಡೆಸಿಬೆಲ್ಲಿನಲ್ಲಿ ಎಂಟು ತಾಸು ಇರಬಹುದು. 88ಕ್ಕೆ ನಾಲ್ಕು ತಾಸು, 91ಕ್ಕೆ ಎರಡು, 94ಕ್ಕೆ ಒಂದು. 100ಕ್ಕೆ ಹದಿನೈದೇ ನಿಮಿಷ!

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಸುರುಳಿಯೊಂದಿದೆ. ಅದರೊಳಗೆ ಸುಮಾರು ಹದಿನೈದು ಸಾವಿರ ಕೂದಲು ಕೋಶಗಳು, ಗಾಳಿಗೆ ಬಾಗುವ ಜೋಳದ ಪೈರಿನಂತೆ ಶಬ್ದಕ್ಕೆ ಬಾಗುತ್ತವೆ. ಗಾಳಿ ಜೋರಾದರೆ ಪೈರು ಮಲಗುತ್ತದೆ, ಮತ್ತೆ ಏಳುತ್ತದೆ. ಮಗನ ಕಿವಿಯ "ಗುಂಯ್" ಎಂದರೆ ಪೈರು ಮಲಗಿದ್ದರ ಗುರುತು. ಪದೇ ಪದೇ ಬಿರುಗಾಳಿ ಬಂದರೆ ಪೈರು ಮುರಿಯುತ್ತದೆ. ಜೋಳವನ್ನಾದರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು. ಈ ಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಸದ್ದಿಗೆ ಮೊದಲು ಬಲಿಯಾಗುವುದು ಕೀಚಲು ಸ್ವರಗಳನ್ನು ಹಿಡಿಯುವ ಕೋಶಗಳು. ಆದ್ದರಿಂದ ಮಾತಿನಲ್ಲಿ ಸ್ವರಾಕ್ಷರ ಕೇಳುತ್ತದೆ. ಸ, ಶ, ತ, ಕ ಮುಂತಾದ ಮೆಲುವ್ಯಂಜನಗಳು ಜಾರಿಹೋಗುತ್ತವೆ. ಸಕ್ಕರಿಯ "ಸ" ಉದುರಿದರೆ ಉಳಿಯುವುದು ಅಕ್ಕಿಯೇ ಅಲ್ಲವೇ? ಹೆಂಡತಿಯ ಮಾತು ಕೇಳುತ್ತಿರಲಿಲ್ಲ ಎಂದಲ್ಲ, ಕೇಳಿದರೂ ತಿಳಿಯುತ್ತಿರಲಿಲ್ಲ. ಇದನ್ನು ಓದಿದ ದಿನ ನಾನು ಅಡುಗೆ ಮನೆಯಲ್ಲಿ ಒಬ್ಬಳೇ ಅತ್ತೆ.

ಎಲೆಕ್ಟ್ರಾನಿಕ್ ಕವಚದ ಮರ್ಮ

ಸಾದಾ ಕಿವಿಗವಚ ಎಲ್ಲ ಶಬ್ದವನ್ನೂ ಒಂದೇ ತೆರನಾಗಿ ತಡೆಯುತ್ತದೆ, ಸಿಡಿತವನ್ನೂ, ಕೂಗನ್ನೂ. ಎಲೆಕ್ಟ್ರಾನಿಕ್ ಕವಚದ ಹೊರಗೆ ಎರಡು ಪುಟ್ಟ ಮೈಕುಗಳು, ಒಳಗೆ ಎರಡು ಪುಟ್ಟ ಸ್ಪೀಕರುಗಳು ಇರುತ್ತವೆ. ಮೆಲ್ಲನೆಯ ಸದ್ದನ್ನು ಮೈಕು ಹಿಡಿದು ಒಳಗೆ ಕೊಡುತ್ತದೆ. ಬೇಕಾದರೆ ಹಿಗ್ಗಿಸಿಯೂ ಕೊಡುತ್ತದೆ. ದೊಡ್ಡ ಸದ್ದು ಬಂದೊಡನೆ ಒಳಗಿನ ಸರ್ಕ್ಯೂಟು ಅದನ್ನು 82 ಅಥವಾ 85 ಡೆಸಿಬೆಲ್ಲಿನ ಮೇಲೆ ಏರಗೊಡುವುದಿಲ್ಲ. ಮನೆಯ ಕಾವಲುಗಾರ ನೆಂಟರನ್ನು ಒಳಗೆ ಬಿಟ್ಟು ಕಳ್ಳರನ್ನು ತಡೆದಂತೆ!

ಆದರೆ ಒಂದು ತಪ್ಪು ತಿಳಿವಳಿಕೆ ಬೇಡ. ಕಿವಿಯನ್ನು ಕಾಯುವುದು ಬ್ಯಾಟರಿಯಲ್ಲ. ದಪ್ಪನೆಯ ಬಟ್ಟಲು ಮತ್ತು ಕಿವಿಯ ಸುತ್ತ ಬಿಗಿಯಾಗಿ ಕೂರುವ ಮೆತ್ತೆ. ಬ್ಯಾಟರಿ ಸತ್ತರೆ ಹೊರಗಿನ ಮಾತು ನಿಲ್ಲುತ್ತದೆ, ರಕ್ಷಣೆ ನಿಲ್ಲುವುದಿಲ್ಲ. ಬಟ್ಟಲೇ ತೆಳುವಾಗಿದ್ದರೆ ಮಾತ್ರ ಯಾವ ಸರ್ಕ್ಯೂಟೂ ಉಪಯೋಗಕ್ಕೆ ಬಾರದು.

ಮಗ ಮೊದಲು ಆರಿಸಿದ್ದ ಅಗ್ಗದ ಸೆಟ್ಟು ಇಲ್ಲಿಯೇ ಸಿಕ್ಕಿಬಿದ್ದಿತು. ಬಣ್ಣ, ಆಕಾರ, ತಂತಿ ಎಲ್ಲ ಸೈನಿಕರದರಂತೆಯೇ. ಪೆಟ್ಟಿಗೆಯ ಮೇಲೆ ಎಷ್ಟು ಶಬ್ದ ತಡೆಯುತ್ತದೆ ಎಂಬ ಅಂಕಿ ಮಾತ್ರ ಎಲ್ಲಿಯೂ ಇಲ್ಲ! ಏರ್‌ಸಾಫ್ಟ್ ಆಟಗಾರರಿಗೆ ವೇಷ ಮುಖ್ಯವೆಂದು ಇಂಥ ನಕಲುಗಳನ್ನು ಬೇಕಾದಷ್ಟು ಮಾರುತ್ತಾರೆ. ನಾಟಕದ ಭೀಮನ ಗದೆ ನೋಡಲು ಗದೆಯೇ. ಅದರಿಂದ ತೆಂಗಿನಕಾಯಿಯೂ ಒಡೆಯದು.

ಕೊಳ್ಳುವಾಗ ನೋಡಬೇಕಾದ್ದು

ಒಂದು: ಅಂಕಿ. ಅಮೆರಿಕದ ಮಾಲಿನ ಮೇಲೆ ಎನ್.ಆರ್.ಆರ್. ಎಂದೂ, ಯುರೋಪಿನದರ ಮೇಲೆ ಎಸ್.ಎನ್.ಆರ್. ಎಂದೂ ಬರೆದಿರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಎನ್.ಆರ್.ಆರ್. 22 ಎಂದರೆ 22 ಪೂರ್ತಿ ಕಳೆಯಿತು ಎಂದಲ್ಲ. ಅದರಲ್ಲಿ ಏಳು ಕಳೆದು, ಉಳಿದ ಹದಿನೈದನ್ನು ಸದ್ದಿನಿಂದ ಕಳೆಯಬೇಕು. 100 ಡೆಸಿಬೆಲ್ ಆಗ 85ಕ್ಕೆ ಇಳಿಯುತ್ತದೆ. ಕವಚ ಸರಿಯಾಗಿ ಕೂರದಿದ್ದರೆ ಅಷ್ಟೂ ಇಲ್ಲ.

ಎರಡು: ಸದ್ದಿನ ಬಗೆ. ಏರ್‌ಸಾಫ್ಟಿನ ವಿದ್ಯುತ್ ಬಂದೂಕುಗಳ ಸದ್ದು ನಿಜವಾದ ಬಂದೂಕಿಗೆ ಹೋಲಿಸಿದರೆ ಬಹಳ ಕಡಿಮೆ. ನಿಜವಾದ ರೈಫಲ್ಲು 140 ಡೆಸಿಬೆಲ್ ದಾಟುತ್ತದೆ. ಅದು ಒಂದೇ ಏಟಿಗೆ ಕಿವಿ ಕೆಡಿಸಬಲ್ಲದು. ಗ್ಯಾಸಿನ ಬಂದೂಕುಗಳ ಸದ್ದು ವಿದ್ಯುತ್ತಿನವಕ್ಕಿಂತ ಜೋರು. ಎಲ್ಲಕ್ಕಿಂತ ಕೆಟ್ಟವು ಖಾಲಿ ತೋಟಾ ಸಿಡಿಸುವ ಆಟದ ಗ್ರೆನೇಡುಗಳು. ಅವು ಮುಚ್ಚಿದ ಕೋಣೆಯಲ್ಲಿ ಸಿಡಿದರೆ ಸದ್ದು ಗೋಡೆಗೆ ಬಡಿದು ಮರಳುತ್ತದೆ. ನಮ್ಮ ಮಗನ ಕಿವಿ ಮೊರೆದದ್ದು ಅಂಥದೇ ಕೋಣೆಯಲ್ಲಿ. ಬಯಲಿನ ಆಟಕ್ಕೆ 20ರ ಆಸುಪಾಸಿನ ಎನ್.ಆರ್.ಆರ್. ಸಾಕು. ಕೋಣೆಯೊಳಗೆ ಗ್ರೆನೇಡು ಇದ್ದರೆ ಒಳಗೆ ಫೋಮಿನ ಬಿರಡೆಯನ್ನೂ ಹಾಕಿಕೊಳ್ಳಬೇಕು. ಎರಡೂ ಸೇರಿದರೆ ರಕ್ಷಣೆ ಇಮ್ಮಡಿಯಾಗದು, ಸುಮಾರು ಐದು ಡೆಸಿಬೆಲ್ ಮಾತ್ರ ಹೆಚ್ಚುತ್ತದೆ.

ಮೂರು: ಸರ್ಕ್ಯೂಟಿನ ಗುಣ. ಕೆಲವು ಕವಚಗಳು ದೊಡ್ಡ ಸದ್ದು ಬಂದೊಡನೆ ಎಲ್ಲವನ್ನೂ ಕಟ್ ಮಾಡಿಬಿಡುತ್ತವೆ. ಆ ಗಳಿಗೆ ಯಾರು ಕೂಗಿದರೂ ಕೇಳದು. ಕೆಲವು ದೊಡ್ಡದನ್ನು ಮಾತ್ರ ಅದುಮಿ, ಮಾತನ್ನು ಹಾಗೆಯೇ ಬಿಡುತ್ತವೆ. ಸದ್ದು ಮೇಲಿಂದ ಮೇಲೆ ಬರುವ ಆಟಕ್ಕೆ ಎರಡನೆಯದೇ ಸರಿ.

ನಾಲ್ಕು: ಎರಡು ಕಿವಿಗೆ ಎರಡು ಮೈಕು. ಸದ್ದು ಎಡದಿಂದಲೋ ಬಲದಿಂದಲೋ ಎಂದು ತಿಳಿಯಲು ಇದು ಬೇಕು. ಎರಡು ಮೈಕು ಇದ್ದರೂ ಬರಿಗಿವಿಯಷ್ಟು ದಿಕ್ಕು ತಿಳಿಯದು. ಒಂದೆರಡು ಆಟ ರೂಢಿ ಮಾಡಿಕೊಳ್ಳಬೇಕು.

ಐದು: ಕನ್ನಡಕ ಮತ್ತು ಮುಖವಾಡ. ಈ ಆಟದಲ್ಲಿ ಕಣ್ಣಿನ ರಕ್ಷಣೆಯೇ ಮೊದಲು, ಕಿವಿಯದು ಆಮೇಲೆ. ಆದರೆ ಕನ್ನಡಕದ ದಪ್ಪ ಕಡ್ಡಿ ಅಥವಾ ಮುಖವಾಡದ ಪಟ್ಟಿ ಮೆತ್ತೆಯ ಕೆಳಗೆ ಸಿಕ್ಕರೆ ಸಂದು ಬೀಳುತ್ತದೆ. ಕುಕ್ಕರಿನ ರಬ್ಬರು ಸರಿಯಾಗಿ ಕೂರದಿದ್ದರೆ ಏನಾಗುತ್ತದೆಂದು ಗೃಹಿಣಿಯರಿಗೆ ಹೇಳಬೇಕೇ? ತೆಳು ಕಡ್ಡಿಯ ಕನ್ನಡಕ ಇರಲಿ, ಪಟ್ಟಿ ಕವಚದ ಮೇಲಿನಿಂದ ಹಾಯಲಿ. ಜೆಲ್ ತುಂಬಿದ ಮೆತ್ತೆ ಸಂದನ್ನು ಇನ್ನಷ್ಟು ಮುಚ್ಚುತ್ತದೆ.

ಆರು: ತೂಕ, ಸೆಕೆ, ಬಟ್ಟಲಿನ ದಪ್ಪ. ಬಟ್ಟಲು ತೀರ ದೊಡ್ಡದಾದರೆ ಬಂದೂಕಿನ ಹಿಡಿಗೆ ಕೆನ್ನೆ ಒರಗಿಸಿದಾಗ ಅದು ತಗುಲಿ ಕವಚ ಏಳುತ್ತದೆ. ಸೆಕೆ ತಾಳದವರಿಗೆ ಕಿವಿಯೊಳಗೇ ಇಡುವ ಎಲೆಕ್ಟ್ರಾನಿಕ್ ಬಿರಡೆಗಳೂ ಇವೆ.

ಏಳು: ಸಂಗೀತ ಕೇಳುವ, ಹೊರಗಿನ ಗದ್ದಲ ಅಳಿಸುವ ಹೆಡ್‌ಫೋನು ಇದಕ್ಕೆ ಬದಲಿಯಲ್ಲ. ಅದು ವಿಮಾನದ ಮೊರೆತದಂಥ ಒಂದೇ ಸಮನೆಯ ಸದ್ದಿಗೆ ಮಾಡಿದ್ದು. ಫಟ್ಟನೆ ಸಿಡಿಯುವ ಸದ್ದಿನಿಂದ ಕಾಯುವ ಹೊಣೆಯನ್ನು ಅದಕ್ಕೆ ಒಪ್ಪಿಸಬೇಡಿ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಎರಡು ಹೆಸರು ಉಳಿದವು: ಹೊವರ್ಡ್ ಲೈಟ್ ಕಂಪನಿಯ ಇಂಪ್ಯಾಕ್ಟ್ ಸ್ಪೋರ್ಟ್, ಎನ್.ಆರ್.ಆರ್. 22, ವಾಕರ್ಸ್ ಕಂಪನಿಯ ರೇಜರ್, ಎನ್.ಆರ್.ಆರ್. 23. ಒಂದು ಡೆಸಿಬೆಲ್ಲಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳದೆ ಎರಡನ್ನೂ ತಲೆಗೆ ಹಾಕಿ ನೋಡು ಎಂದೆ. ಮೊದಲನೆಯದು ಅವನ ಕನ್ನಡಕದ ಮೇಲೆ ಸರಿಯಾಗಿ ಕೂತಿತು. ಅದು ಒಳಗಿನ ಸದ್ದನ್ನು 82ಕ್ಕೆ ತಡೆಯುತ್ತದೆ, ಎರಡು ಸಣ್ಣ ಬ್ಯಾಟರಿ ಸಾಕು, ಮರೆತರೆ ನಾಲ್ಕು ತಾಸಿಗೆ ತಾನೇ ಆರುತ್ತದೆ. ಇವಕ್ಕಿಂತ ಎಷ್ಟೋ ಪಟ್ಟು ಬೆಲೆಯ, ಸೈನ್ಯಕ್ಕೆಂದೇ ಮಾಡಿದ ಸೆಟ್ಟುಗಳಿವೆ; ಭಾನುವಾರದ ಆಟಕ್ಕೆ ಅವು ಬೇಕಿಲ್ಲ.

ದೀಪಾವಳಿಯ ಸಂಜೆ

ಕಳೆದ ದೀಪಾವಳಿಗೆ ಮಗ ಬಂದಾಗ ಆ ಕವಚವನ್ನೂ ತಂದಿದ್ದ. ಲಕ್ಷ್ಮೀಪೂಜೆಯ ಸಂಜೆ ಓಣಿಯ ತುಂಬ ಪಟಾಕಿ. ನಮ್ಮ ಕಾನೂನಿನಂತೆ ಸಿಡಿಯುವ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ ಪಟಾಕಿಯ ಸದ್ದು 125 ಡೆಸಿಬೆಲ್ ದಾಟಬಾರದು. ಆದರೆ ನಮ್ಮ ಮಕ್ಕಳು ನಾಲ್ಕು ಮೀಟರ್ ದೂರ ನಿಲ್ಲುತ್ತಾರೆಯೇ?

ಮಗ ಆಟಕ್ಕೆಂಬಂತೆ ಕವಚವನ್ನು ಅಪ್ಪನ ತಲೆಗೆ ಹಾಕಿ ಗುಂಡಿ ತಿರುಗಿಸಿದ. ಅವರು ಕಟ್ಟೆಯ ಮೇಲೆ ಸುಮ್ಮನೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, "ನಿನ್ನ ಬಳಿ ಸಪ್ಪಳ ಮಾಡ್ತಾವಲ್ಲ!" ಎಂದರು. ನಾನು ಹಣತೆಗೆ ಎಣ್ಣೆ ಹಾಕುತ್ತಿದ್ದೆ. ಬಳೆಗಳು ಮದುವೆಯಾದಾಗಿನಿಂದ ಸಪ್ಪಳ ಮಾಡುತ್ತಲೇ ಇದ್ದವು. ಅವರಿಗೆ ಅದು ಯಾವಾಗ ನಿಂತಿತೋ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹಬ್ಬ ಮುಗಿದ ವಾರವೇ ಸಂಭಾಜಿನಗರಕ್ಕೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸಿದೆವು. ಪರೀಕ್ಷೆಯ ಗೆರೆ ಸ್ವಲ್ಪ ದೂರ ಸಪಾಟಾಗಿ ಹೋಗಿ, 4000 ಹರ್ಟ್ಸಿನ ಹತ್ತಿರ ಬಾವಿಗೆ ಬಿದ್ದಂತೆ ಬಿದ್ದಿತ್ತು. ಸದ್ದಿನಿಂದ ಕೆಟ್ಟ ಕಿವಿಯ ಗುರುತೇ ಅದಂತೆ. ಮಗನ ಕವಚವನ್ನೇ ಮನೆಯಲ್ಲಿ ಹಾಕಿಕೊಳ್ಳಬಹುದೇ ಎಂದು ಕೇಳಿದೆ. ಬೇಡ ಎಂದರು. ಅದು ಎಲ್ಲ ಸದ್ದನ್ನೂ ಒಟ್ಟಿಗೆ ಹಿಗ್ಗಿಸುತ್ತದೆ. ಶ್ರವಣ ಯಂತ್ರವನ್ನು ಆಯಾ ಕಿವಿಗೆ ಎಲ್ಲಿ ಕೊರತೆಯೋ ಅಲ್ಲಿ ತುಂಬುವಂತೆ ಹೊಂದಿಸುತ್ತಾರೆ. ಈಗ ಇವರ ಎರಡು ಕಿವಿಗೂ ಯಂತ್ರ ಬಂದಿದೆ. ಹೋದದ್ದು ಪೂರ್ತಿ ಮರಳಿಲ್ಲ. ಗದ್ದಲದ ಮದುವೆ ಮನೆಯಲ್ಲಿ ಈಗಲೂ ಕಷ್ಟವೇ. ಆದರೆ ಸಕ್ಕರಿ ಎಂದರೆ ಸಕ್ಕರಿಯೇ ಬರುತ್ತದೆ!

ಗಿರಣಿಯೊಳಗೆ ಯಂತ್ರ ತೆಗೆದಿಟ್ಟು ಕವಚ ಹಾಕಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ, ದಿನವಿಡೀ ಒಂದೇ ಸಮನೆ ಮೊರೆಯುವ ಗಿರಣಿಯಲ್ಲಿ ಎಲೆಕ್ಟ್ರಾನಿಕ್ ಭಾಗದ ಲಾಭ ಆಟದಲ್ಲಿರುವಷ್ಟು ಇಲ್ಲ. ಅಲ್ಲಿಗೆ ಸಾದಾ ಕವಚವೇ ಸಾಕು. ಹಾಗಾದರೆ ಬೆಂಕಿಯ ಕೂಗು? ಅದಕ್ಕೆ ಇವರೇ ಉಪಾಯ ಹುಡುಕಿದರು. ಮಾಲೀಕರನ್ನು ಒಪ್ಪಿಸಿ ಯಂತ್ರದ ಸಾಲಿನ ಎರಡೂ ಕಡೆ ಕೆಂಪು ದೀಪ ಹಾಕಿಸಿದರು. ಯಾರು ಕಿಡಿ ಕಂಡರೂ ಗುಂಡಿ ಒತ್ತಿದರೆ ದೀಪ ಮಿನುಗುತ್ತದೆ. ಕಿವಿ ಮುಚ್ಚಿದ್ದರೂ ಕಣ್ಣು ತೆರೆದಿರುತ್ತದಲ್ಲ! ಆಮೇಲೆ ಹುಡುಗರಿಗೆ ಇಪ್ಪತ್ತು ಸಾದಾ ಕವಚ ಬಂದವು. ಎಲ್ಲರೂ ಹಾಕಿಕೊಳ್ಳುತ್ತಾರೆಂದು ಹೇಳಲಾರೆ. ಆದರೆ "ಕೂಗು ಕೇಳೂದಿಲ್ಲ" ಎಂಬ ನೆಪ ಈಗ ಯಾರಿಗೂ ಇಲ್ಲ.

ಓದುಗರೇ, ನಿಮ್ಮ ಮನೆಯಲ್ಲಿ ಏರ್‌ಸಾಫ್ಟ್ ಆಡುವ ಮಗ ಇರಲಿಕ್ಕಿಲ್ಲ. ಗಣಪತಿ ವಿಸರ್ಜನೆಯ ಡಿಜೆಯ ಮುಂದೆ ಕುಣಿಯುವ ಮಗಳು ಇರಬಹುದು, ಢೋಲ್ ತಾಶಾ ಬಾರಿಸುವ ತಮ್ಮ ಇರಬಹುದು, ಹಿಟ್ಟಿನ ಗಿರಣಿ ನಡೆಸುವ ಮಾವ ಇರಬಹುದು. ಅವರಿಗೆ ಕವಚ ಕೊಳ್ಳುವಾಗ ಅಂಕಿ ನೋಡಿ, ತಲೆಗೆ ಕೂರಿಸಿ ನೋಡಿ. ಕೊನೆಯದಾಗಿ, "ಇದನ್ನು ಹಾಕ್ಕೊಂಡು ನಿನಗ ಏನು ಕೇಳಬೇಕು?" ಎಂದು ಅವರನ್ನೇ ಕೇಳಿ. ತೆಗೆಯದೆ ಹಾಕಿಕೊಂಡಿರುವ ಕವಚವೇ ಒಳ್ಳೆಯ ಕವಚ. ಪೆಟ್ಟಿಗೆಯಲ್ಲಿ ಉಳಿದರೆ ಅದಕ್ಕೆ ಕೊಟ್ಟ ರೊಕ್ಕ ವ್ಯರ್ಥ.

ಮನೆಯಲ್ಲಿ ಯಾರಾದರೂ ಎರಡೆರಡು ಸಲ "ಏನಂದಿ?" ಎನ್ನುತ್ತಿದ್ದರೆ ನಗಬೇಡಿ, ಗದರಬೇಡಿ, ಪರೀಕ್ಷೆ ಮಾಡಿಸಿ. ಊರಿಗೆ ಹೋದಾಗ ಬಿಡುವಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮುಂಬಯಿಯ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆ ಇದೆ. ನಾನು ಎಂಟು ವರ್ಷ ತಡ ಮಾಡಿದೆ. ನೀವು ಮಾಡಬೇಡಿ.

ಇದನ್ನು ಬರೆಯುತ್ತಿರುವಾಗ ಒಳಗಿನಿಂದ ನಮ್ಮವರು ಕೂಗುತ್ತಿದ್ದಾರೆ: "ಎಷ್ಟೊತ್ತಾತು ಕುಕ್ಕರ್ ಸೀಟಿ ಹೊಡದು, ನಿನಗ ಕೇಳಲಿಲ್ಲೇನು?"

ಕೇಳಿತು, ಕೇಳಿತು. ಮುಂದಿನ ಸಂಚಿಕೆಗೆ ಹೋಳಿಗೆಯನ್ನೇ ಬರೆಯುತ್ತೇನೆ.